ಚಕ್ರ 10 ಇಂಚಿನದು, ಮೀಟರ್ 12 ಇಂಚಿನ ಗಾಡಿಯದು: ಕಿಲೋಮೀಟರ್ ಜಾಸ್ತಿ ತೋರಿಸುತ್ತಿರುವ ಸ್ಕೂಟರ್ ಬಗ್ಗೆ ದೂರು

ಇವರಿಂದ:
ನಿಮ್ಮ ಸ್ಕೂಟರ್ ಗ್ರಾಹಕ,
ಕುವೆಂಪುನಗರ, ಮೈಸೂರು

ಇವರಿಗೆ:
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ವಾರಂಟಿಯಲ್ಲಿ ಬದಲಿಸಿದ ಮೀಟರ್ ದೂರ ಮತ್ತು ವೇಗ ಎರಡನ್ನೂ ತಪ್ಪಾಗಿ ತೋರಿಸುತ್ತಿರುವುದು.

ಮಾನ್ಯರೇ,

ನಾನು ಮೈಸೂರಿನಲ್ಲಿ ಔಷಧಿ ಡಿಸ್ಟ್ರಿಬ್ಯೂಟರ್ ಒಬ್ಬರ ಬಳಿ ಆರ್ಡರ್ ತೆಗೆದುಕೊಳ್ಳುವ ಕೆಲಸ ಮಾಡುತ್ತೇನೆ. ನನ್ನ ಲೈನ್ ನಂಜನಗೂಡು. ವಾರಕ್ಕೆ ಆರು ದಿನ ನಿಮ್ಮ ಕಂಪನಿಯ ಸ್ಕೂಟರಿನಲ್ಲೇ ಓಡಾಟ. ಗಾಡಿಯ ಇಂಜಿನ್ ಬಗ್ಗೆ ನನಗೆ ಒಂದು ಮಾತೂ ದೂರಿಲ್ಲ. ನನ್ನ ದೂರು ಮೀಟರ್ ಬಗ್ಗೆ ಮಾತ್ರ.

ಕಳೆದ ಜುಲೈ ಮಳೆಯಲ್ಲಿ ಮೀಟರಿನ ಗಾಜಿನೊಳಗೆ ನೀರು ಹೋಗಿ ಅಂಕಿಗಳು ಕಾಣದಂತಾದವು. ನಿಮ್ಮ ಅಧಿಕೃತ ಸರ್ವಿಸ್ ಸೆಂಟರಿನವರು ವಾರಂಟಿಯಲ್ಲೇ ಹೊಸ ಮೀಟರ್ ಹಾಕಿದರು. ಹಳೆಯದರಲ್ಲಿ ಓಡಿದ್ದ 9,412 ಕಿ.ಮೀ.ಯನ್ನು ಹೊಸದರಲ್ಲಿ ತುಂಬಿಸಿಯೂ ಕೊಟ್ಟರು. ಆಗ ಸಂತೋಷವಾಗಿಯೇ ಮನೆಗೆ ಬಂದೆ.

ತಪ್ಪು ಗೊತ್ತಾಗಿದ್ದು ಕಳೆದ ತಿಂಗಳು, ಅದೂ ನಮ್ಮ ಆಫೀಸಿನಲ್ಲಿ. ಲೈನ್ ಕಲಿಯಲು ಹೊಸ ಹುಡುಗನೊಬ್ಬ ಒಂದು ವಾರ ನನ್ನ ಹಿಂದೆಯೇ ತನ್ನ ಗಾಡಿಯಲ್ಲಿ ಬಂದಿದ್ದ. ಅದೇ ಅಂಗಡಿ, ಅದೇ ರಸ್ತೆ, ಊಟಕ್ಕೆ ನಿಲ್ಲಿಸಿದ್ದೂ ಒಂದೇ ಹೋಟೆಲ್. ಸಂಜೆ ಇಬ್ಬರೂ ಮೀಟರ್ ಫೋಟೋ ತೆಗೆದು ಕೊಡಬೇಕು, ಪೆಟ್ರೋಲ್ ಭತ್ಯೆ ಅದರ ಮೇಲೆಯೇ. ಅವನದು ದಿನಕ್ಕೆ 62 ಕಿ.ಮೀ., ನನ್ನದು 67. ಆರು ದಿನವೂ ಹಾಗೇ. ಮಾಲೀಕರು ಕರೆದು, "ಇಬ್ರೂ ಒಂದೇ ಲೈನು, ನಿಮಗೆ ಮಾತ್ರ ಐದು ಕಿಲೋಮೀಟರ್ ಯಾಕ್ರೀ ಜಾಸ್ತಿ?" ಎಂದು ಎಲ್ಲರ ಎದುರು ಕೇಳಿದರು. ಹನ್ನೊಂದು ವರ್ಷ ಅಲ್ಲಿ ಕೆಲಸ ಮಾಡಿದ್ದೇನೆ. ಹಣದ ವಿಷಯದಲ್ಲಿ ಒಂದು ದಿನವೂ ಇಂಥ ಮಾತು ಕೇಳಿದವನಲ್ಲ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ಬಂದ ಭಾನುವಾರ ಬೆಳಿಗ್ಗೆ ಆರೂವರೆಗೆ ಭಾಮೈದನನ್ನು ಹಿಂದೆ ಕೂರಿಸಿಕೊಂಡು ನಂಜನಗೂಡು ರಸ್ತೆಗೆ ಹೋದೆ. ಮಂಡಕಳ್ಳಿ ವಿಮಾನ ನಿಲ್ದಾಣ ದಾಟಿ ಮುಂದೆ ಸಿಕ್ಕ ಕಿಲೋಮೀಟರ್ ಕಲ್ಲಿನ ಪಕ್ಕ ಮುಂದಿನ ಚಕ್ರ ನಿಲ್ಲಿಸಿ ಟ್ರಿಪ್ ಮೀಟರನ್ನು ಸೊನ್ನೆಗೆ ತಂದೆ. ಒಂದೇ ಕಲ್ಲಿನ ಅಂತರ ನೋಡಿದರೆ ಪ್ರಯೋಜನವಿಲ್ಲ. ಟ್ರಿಪ್ ಮೀಟರ್ 100 ಮೀಟರಿಗೊಮ್ಮೆ ಬದಲಾಗುವುದರಿಂದ ಅಲ್ಲೇ ಹತ್ತಕ್ಕೆ ಒಂದು ಪಾಲು ತಪ್ಪಾಗಬಹುದು. ಕಲ್ಲುಗಳೂ ಒಂದೊಂದು ಕಡೆ ಹಿಂದೆ ಮುಂದೆ ಇರುತ್ತವೆ. ಅದಕ್ಕೇ ಹತ್ತು ಕಲ್ಲು ಹೋಗಿ, ಅದೇ ಹತ್ತು ಕಲ್ಲು ವಾಪಸ್ ಬಂದೆ. ಕಡಕೊಳದ ಆಚೆ ಒಂದು ಕಲ್ಲು ಕಾಂಗ್ರೆಸ್ ಗಿಡದೊಳಗೆ ಮುಚ್ಚಿಹೋಗಿತ್ತು. ಭಾಮೈದ ಇಳಿದು ಗಿಡ ಸರಿಸಿ ಅಂಕಿ ನೋಡಿ ಬಂದ. ಹೋಗುವಾಗ ಮೀಟರ್ ತೋರಿಸಿದ್ದು 10.7. ಬರುವಾಗ 10.8. ಅಂದರೆ 20 ಕಿ.ಮೀ. ರಸ್ತೆಗೆ ನಿಮ್ಮ ಮೀಟರ್ 21.5 ಲೆಕ್ಕ ಹಾಕಿದೆ. ಪ್ರತಿ ಹತ್ತು ಕಿಲೋಮೀಟರಿಗೆ ಮುಕ್ಕಾಲು ಕಿಲೋಮೀಟರ್ ಜಾಸ್ತಿ.

ವೇಗವನ್ನೂ ನೋಡಿದೆವು. ಮೀಟರಿನಲ್ಲಿ 40 ಬಿಡದಂತೆ ಓಡಿಸಿದೆ, ಭಾಮೈದ ಕಲ್ಲಿನಿಂದ ಕಲ್ಲಿಗೆ ಫೋನಿನ ಸ್ಟಾಪ್‌ವಾಚ್ ಒತ್ತಿದ. ನಿಜವಾಗಿ 40ರಲ್ಲಿ ಹೋಗಿದ್ದರೆ ಒಂದು ಕಿಲೋಮೀಟರಿಗೆ 90 ಸೆಕೆಂಡ್ ಸಾಕು. ನಮಗೆ 100 ಸೆಕೆಂಡ್ ಹಿಡಿಯಿತು. ಅಂದರೆ ನಿಜದ ವೇಗ 36. ಮೀಟರಿನಲ್ಲಿ 50 ಇಟ್ಟಾಗ 80 ಸೆಕೆಂಡ್, ಅಂದರೆ 45. ಫೋನಿನ ಜಿಪಿಎಸ್ ಕೂಡ ಹೆಚ್ಚುಕಮ್ಮಿ ಇದನ್ನೇ ತೋರಿಸಿತು.

ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಸರ್ವಿಸ್ ಸೆಂಟರಿಗೆ ಹೋದೆ. ಅಲ್ಲಿನ ಸೂಪರ್‌ವೈಸರ್ ಹಾಳೆಯನ್ನು ಕೈಗೂ ತೆಗೆದುಕೊಳ್ಳಲಿಲ್ಲ. "ಎಲ್ಲಾ ಕಂಪನಿ ಗಾಡೀಲೂ ಹಿಂಗೇ ಸಾರ್, ಸೇಫ್ಟಿಗೆ ಜಾಸ್ತಿ ಇಟ್ಟಿರ್ತಾರೆ. ಟೈರಿಗೆ ಗಾಳಿ ಹೊಡೆಸಿ ನೋಡಿ" ಎಂದರು.

ವೇಗದ ಮಟ್ಟಿಗೆ ಅವರ ಮಾತನ್ನು ಅರ್ಧ ಒಪ್ಪುತ್ತೇನೆ. ಸ್ಪೀಡೋಮೀಟರ್ ನಿಜದ ವೇಗಕ್ಕಿಂತ ಕಡಿಮೆ ತೋರಿಸಿದರೆ ಅಪಾಯ, ಹಾಗಾಗಿ ಕಂಪನಿಗಳು ಬೇಕೆಂದೇ ಸ್ವಲ್ಪ ಜಾಸ್ತಿ ಇಡುತ್ತವೆ. ಆದರೆ ಓಡಿದ ದೂರವನ್ನು ಜಾಸ್ತಿ ತೋರಿಸಿದರೆ ಯಾರಿಗೆ ಯಾವ ಸೇಫ್ಟಿ? ದೂರ ಅನ್ನುವುದು ಎಣಿಕೆ. ಅಂಗಡಿಯ ತಕ್ಕಡಿ ಇದ್ದ ಹಾಗೆ. ಕಿಲೋಗೆ 75 ಗ್ರಾಂ ವ್ಯತ್ಯಾಸ ಬರುವ ತಕ್ಕಡಿಯನ್ನು ಯಾರೂ ಒಪ್ಪುವುದಿಲ್ಲ ಅಲ್ವಾ?

ಗಾಳಿಯ ಮಾತು ಹೇಳಿದ್ದರಿಂದ ಅದನ್ನೂ ಬಿಡಲಿಲ್ಲ. ಮುಂದಿನ ಟೈರಿಗೆ ಸರಿಯಾಗಿ 22 ಪೌಂಡ್ ಗಾಳಿ ಹೊಡೆಸಿದೆ. ಮನೆಯ ಮುಂದಿನ ಸಿಮೆಂಟ್ ಅಂಗಳದಲ್ಲಿ ಗಾಡಿ ಮೇಲೆ ಕೂತೆ. ಮಗಳು ಟೈರಿನ ತಳದಲ್ಲೂ ಅದರ ನೇರಕ್ಕೆ ನೆಲದ ಮೇಲೂ ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಕಾಲಿನಲ್ಲಿ ತಳ್ಳಿಕೊಂಡು ನಿಧಾನವಾಗಿ ಮುಂದೆ ಹೋದೆ, ಅವಳು ಬಗ್ಗಿಕೊಂಡು ಸುತ್ತು ಎಣಿಸುತ್ತಾ ಬಂದಳು. ಹತ್ತನೇ ಸುತ್ತಿಗೆ ಗೆರೆ ನೆಲ ಮುಟ್ಟಿದ ಕಡೆ ಇನ್ನೊಂದು ಗುರುತು. ಟೇಪ್ ಹಿಡಿದು ಅಳೆದರೆ 13 ಮೀಟರ್ 35 ಸೆಂಟಿಮೀಟರ್. ನನ್ನ ಟೈರಿನ ಮೇಲೆ ಬರೆದಿರುವುದು 90/100-10, ಅಂದರೆ 10 ಇಂಚಿನ ಚಕ್ರದ್ದು. ಆ ಅಳತೆಗೆ ಇದು ಸರಿಯಾಗಿಯೇ ಇದೆ. ಟೈರ್ ಪೂರ್ತಿ ಸವೆದರೂ ನೂರಕ್ಕೆ ಎರಡು ಪಾಲಿನ ಆಸುಪಾಸು ವ್ಯತ್ಯಾಸ ಬಂದೀತು, ಏಳೂವರೆ ಬರುವುದಿಲ್ಲ.

ಪಕ್ಕದ ಮನೆಯವರದೂ ನಿಮ್ಮದೇ ಸ್ಕೂಟರ್, ಆದರೆ ಮುಂದಿನ ಚಕ್ರ 12 ಇಂಚಿನ ಮಾಡೆಲ್. ಟೈರ್ 90/90-12. ಅದನ್ನೂ ಹಾಗೇ ಹತ್ತು ಸುತ್ತು ಉರುಳಿಸಿದೆವು. 14 ಮೀಟರ್ 35 ಬಂತು. ಎರಡರ ನಡುವಿನ ವ್ಯತ್ಯಾಸ ನೂರಕ್ಕೆ ಏಳೂವರೆ. ನಂಜನಗೂಡು ರಸ್ತೆಯಲ್ಲಿ ಕಂಡ ತಪ್ಪು ಕೂಡ ಕರೆಕ್ಟಾಗಿ ಅಷ್ಟೇ.

ನಿಮಗೆ ನಾನು ಹೇಳಿಕೊಡಬೇಕಿಲ್ಲ. ಚಕ್ರದ ಹತ್ತಿರ ಇರುವ ಸೆನ್ಸರ್ ಬರೀ ಸುತ್ತು ಎಣಿಸುತ್ತದೆ. ಒಂದು ಸುತ್ತಿಗೆ ಎಷ್ಟು ದೂರ ಎಂಬ ಲೆಕ್ಕ ಮೀಟರಿನೊಳಗೆ ಇರುತ್ತದೆ. ಜುಲೈನಲ್ಲಿ ನನ್ನ 10 ಇಂಚಿನ ಚಕ್ರದ ಗಾಡಿಗೆ 12 ಇಂಚಿನ ಮಾಡೆಲ್‌ನ ಮೀಟರ್ ಕೂರಿಸಿದ್ದಾರೆ ಎಂಬುದು ನನ್ನ ಬಲವಾದ ಅನುಮಾನ. ನೋಡಲು ಎರಡೂ ಒಂದೇ ಥರ ಇವೆ, ಸ್ಕ್ರೂ ಜಾಗವೂ ಒಂದೇ. ಜಾಬ್ ಕಾರ್ಡಿನಲ್ಲಿ "ಮೀಟರ್ ಬದಲಿಸಲಾಗಿದೆ" ಎಂದಷ್ಟೇ ಇದೆ, ಪಾರ್ಟ್ ನಂಬರ್ ಬರೆದೇ ಇಲ್ಲ.

ಈಗ ಮೀಟರ್ 17,152 ತೋರಿಸುತ್ತಿದೆ. ಹೊಸ ಮೀಟರಿನ ಲೆಕ್ಕದಲ್ಲಿ ಓಡಿದ್ದು 7,740, ನಿಜವಾಗಿ ಓಡಿದ್ದು ಸುಮಾರು 7,200. ಓಡದೇ ಇರುವ 540 ಕಿ.ಮೀ. ನನ್ನ ಗಾಡಿಯ ಮೇಲೆ ಬಿದ್ದಿದೆ. ಆಯಿಲ್ ಬದಲಿಸುವುದು, ಸರ್ವಿಸ್ ಎಲ್ಲ ಅಷ್ಟು ಬೇಗ ಬರುತ್ತದೆ. ವಾರಂಟಿಯೂ ಅಷ್ಟು ಬೇಗ ಮುಗಿಯುತ್ತದೆ. ಲೀಟರಿಗೆ 50 ಕೊಡುತ್ತದೆ ಎಂದು ನಾಲ್ಕಾರು ಜನಕ್ಕೆ ನಾನೇ ಹೇಳಿದ್ದೆ, ಲೆಕ್ಕ ಹಾಕಿದರೆ 46ರ ಹತ್ತಿರ. ಇದೆಲ್ಲಕ್ಕಿಂತ ನನಗೆ ನೋವಾಗಿದ್ದು ಆಫೀಸಿನ ಹಣ. ದಿನಕ್ಕೆ 5 ಕಿ.ಮೀ.ಯಂತೆ ನಾಲ್ಕು ತಿಂಗಳಲ್ಲಿ 500 ಕಿ.ಮೀ., ಕಿಲೋಮೀಟರಿಗೆ ಮೂರೂವರೆ ರೂಪಾಯಿಯಂತೆ 1,750 ರೂಪಾಯಿ ನಾನು ಗೊತ್ತಿಲ್ಲದೆ ಜಾಸ್ತಿ ತೆಗೆದುಕೊಂಡಿದ್ದೆ. ಅದನ್ನು ಹೋದ ವಾರ ವಾಪಸ್ ಕಟ್ಟಿದ್ದೇನೆ. ರಸೀದಿ ಇದರ ಜೊತೆಗಿದೆ.

ಅದಕ್ಕೆ ನಾನು ಕೇಳುತ್ತಿರುವುದು ಇಷ್ಟು. ಈಗಿರುವ ಮೀಟರಿನ ಪಾರ್ಟ್ ನಂಬರ್ ನೋಡಿ, ನನ್ನ ಮಾಡೆಲ್‌ನದು ಹೌದೋ ಅಲ್ಲವೋ ಎಂದು ಬರವಣಿಗೆಯಲ್ಲಿ ತಿಳಿಸಿ. ಅಲ್ಲವಾದರೆ ಸರಿಯಾದ ಮೀಟರ್ ಹಾಕಿ, ಈ ಹೆಚ್ಚುವರಿ ಕಿಲೋಮೀಟರುಗಳನ್ನು ಕಳೆದು ವಾರಂಟಿ ಪುಸ್ತಕದಲ್ಲಿ ಸೀಲ್ ಹಾಕಿ ಬರೆದುಕೊಡಿ. ಇದು ಇಲ್ಲದ್ದನ್ನು ಕೇಳಿದ ಹಾಗಲ್ಲ. ಅಮೆರಿಕದಲ್ಲಿ ಹೋಂಡಾ ಕಾರುಗಳ ಓಡೋಮೀಟರ್ (ಓಡಿದ ದೂರ ತೋರಿಸುವ ಮೀಟರ್) ಜಾಸ್ತಿ ತೋರಿಸುತ್ತದೆ ಎಂಬ ದಾವೆ 2007ರಲ್ಲಿ ರಾಜಿಯಾದಾಗ, ಆ ಕಂಪನಿ ವಾರಂಟಿಯ ಮೈಲಿಗಳನ್ನೇ ನೂರಕ್ಕೆ ಐದರಷ್ಟು ಹೆಚ್ಚಿಸಿ ಕೊಟ್ಟಿತ್ತು. ಇನ್ನೊಂದು ಕೋರಿಕೆ. ಜುಲೈನಿಂದ ಈ ಸರ್ವಿಸ್ ಸೆಂಟರಿನಲ್ಲಿ ಮೀಟರ್ ಬದಲಿಸಿಕೊಂಡ ಬೇರೆ ಗಾಡಿಗಳನ್ನೂ ಕರೆಸಿ ನೋಡಿ. 12 ಇಂಚಿನ ಚಕ್ರಕ್ಕೆ 10 ಇಂಚಿನ ಮೀಟರ್ ಹೋಗಿದ್ದರೆ ಅಲ್ಲಿ ವೇಗ ಕಡಿಮೆ ತೋರಿಸುತ್ತಿರುತ್ತದೆ. ಓಡಿಸುವವರಿಗೆ ಅದು ಗೊತ್ತೇ ಆಗುವುದಿಲ್ಲ. ನನ್ನ 540 ಕಿಲೋಮೀಟರಿಗಿಂತ ಅದು ದೊಡ್ಡ ವಿಷಯ.

15 ದಿನದೊಳಗೆ ಉತ್ತರ ಬರದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, ಆಮೇಲೆ ಮೈಸೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಅಲ್ಲಿಯವರೆಗೆ ಬೆಳೆಸಲು ನನಗೆ ಇಷ್ಟವಿಲ್ಲ. ನಿಮ್ಮ ಇಂಜಿನಿಯರ್ ಯಾರಾದರೂ ಬರುವುದಾದರೆ ಅದೇ ಹತ್ತು ಕಲ್ಲುಗಳ ಮೇಲೆ ನಾನೇ ಕರೆದುಕೊಂಡು ಹೋಗಿ ತೋರಿಸುತ್ತೇನೆ. ಭಾನುವಾರ ಬೆಳಿಗ್ಗೆ ಏಳರೊಳಗೆ ಬಂದರೆ ಒಳ್ಳೆಯದು, ಆಮೇಲೆ ದೇವಸ್ಥಾನಕ್ಕೆ ಹೋಗುವವರ ಗಾಡಿಗಳು ಜಾಸ್ತಿಯಾಗಿ ಒಂದೇ ವೇಗದಲ್ಲಿ ಓಡಿಸಲು ಆಗುವುದಿಲ್ಲ.

ಲಗತ್ತು: ಜಾಬ್ ಕಾರ್ಡ್ ನಕಲು, ಹೋಗುವ ಬರುವ ಟ್ರಿಪ್ ಮೀಟರ್ ಫೋಟೋಗಳು, ಎರಡೂ ಟೈರಿನ ಅಳತೆಯ ಫೋಟೋಗಳು, 1,750 ರೂಪಾಯಿ ಕಟ್ಟಿದ ರಸೀದಿ.

ಇಂತಿ ತಮ್ಮ ವಿಶ್ವಾಸಿ,
(ಸಹಿ)