ಅಕ್ಕಾ, ಕಾಲಿನ ವಿಷಯ

ಸ್ಟುಟ್‌ಗಾರ್ಟ್, ಜರ್ಮನಿ
ಮಾರ್ಚ್ 2026

ಪ್ರೀತಿಯ ಅಕ್ಕಾ,

ನಾವಿಬ್ಬರೂ ಇಲ್ಲಿ ಚೆನ್ನಾಗಿದ್ದೇವೆ. ಅಲ್ಲಿ ಅಮ್ಮ, ಭಾವ, ಪುಟ್ಟಿ ಎಲ್ಲರೂ ಕ್ಷೇಮ ಅಂದುಕೊಂಡಿದ್ದೇನೆ. ವಾಟ್ಸಾಪ್ ಇರುವಾಗ ಇವಳಿಗೆ ಪತ್ರ ಬರೆಯುವ ಹುಚ್ಚು ಯಾಕೆ ಅನ್ನಬೇಡ. ವಿಡಿಯೋ ಕಾಲ್ ಮಾಡಿದರೆ ಫೋನು ಅಮ್ಮನ ಕೈಯಲ್ಲಿರುತ್ತದೆ, ಸ್ಪೀಕರ್ ಆನ್ ಆಗಿರುತ್ತದೆ, ಹಿಂದೆ ಭಾವ ಯಾರ ಜೊತೆಗೋ ಕೊಬ್ಬರಿ ರೇಟು ಮಾತಾಡುತ್ತಿರುತ್ತಾರೆ. ಅವರೆಲ್ಲರ ಮುಂದೆ ಕಾಲು, ತೊಡೆ, ಒಳಚಡ್ಡಿ ಅಂತ ನಾನು ಹೇಗೆ ಮಾತಾಡಲಿ?

ತಿಪಟೂರಿನ ಸುದ್ದಿ ನನ್ನ ಕಿವಿಗೂ ಬಿದ್ದಿದೆ. ನಮ್ಮ ಬೀದಿಯಲ್ಲಿ ನಾನೀಗ "ಸಣ್ಣ ಆಗೋಕೆ ಆಪರೇಷನ್ ಮಾಡಿಸಿಕೊಂಡವಳು". ಅವರ ಮಾತು ಬಿಡು. ಅಮ್ಮ ಹೆದರಿದ್ದು ಮಾತ್ರ ನನಗೆ ಅರ್ಥವಾಗುತ್ತದೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಸರ್ಜರಿ ಆದ ಮೇಲೆ ಸೀರಿಯಲ್ ನಟಿಯೊಬ್ಬಳು ತೀರಿಕೊಂಡಳಲ್ಲ, ಆ ಹುಡುಗಿಗೆ ಆಗ 21 ವರ್ಷ. ಟಿವಿಯಲ್ಲಿ ಅದನ್ನು ನೋಡಿದ ಯಾವ ತಾಯಿಗಾದರೂ ಲೈಪೊಸಕ್ಷನ್ ಅಂದರೆ ಎದೆ ಧಸಕ್ ಅನ್ನುತ್ತದೆ. ಎಲ್ಲ ಮುಗಿದು ಮನೆಗೆ ಬಂದ ಮೇಲೆ ಅಮ್ಮನಿಗೆ ಹೇಳಿದ್ದು ಅದಕ್ಕೇ. ಇನ್ನೂ ಕೋಪ ಇಳಿದಿಲ್ಲ ಅಂತ ಗೊತ್ತು.

ನನಗೂ ಆದದ್ದು ಕಾಲಿನ ಕೊಬ್ಬು ತೆಗೆಯುವ ಆಪರೇಷನ್ನೇ, ಆದರೆ ಸಣ್ಣ ಆಗೋಕಲ್ಲ, ಒಂದು ಕಾಯಿಲೆಗೆ. ಅದರ ಹೆಸರು ಲಿಪೆಡಿಮಾ. ಹೊಸ ಕಾಯಿಲೆಯೇನೂ ಅಲ್ಲ. 1940ರಲ್ಲೇ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಅಲೆನ್, ಹೈನ್ಸ್ ಎಂಬ ಇಬ್ಬರು ಡಾಕ್ಟರು ಇದರ ಬಗ್ಗೆ ಬರೆದಿಟ್ಟಿದ್ದಾರೆ. ಬರುವುದು ಹೆಚ್ಚು ಕಡಿಮೆ ಹೆಂಗಸರಿಗೇ. ಮೈನೆರೆಯುವಾಗ, ಬಸಿರಿನಲ್ಲಿ, ಇಲ್ಲಾ ಮುಟ್ಟು ನಿಲ್ಲುವ ಹೊತ್ತಿನಲ್ಲಿ ಶುರುವಾಗುತ್ತದೆ. ಎರಡು ಕಾಲಿಗೂ ಒಂದೇ ಸಮ ಕೊಬ್ಬು ಸೇರುತ್ತದೆ, ಪಾದ ಮಾತ್ರ ಹಾಗೇ ಉಳಿಯುತ್ತದೆ. ಪಾದದ ಗಂಟಿನ ಹತ್ತಿರ ಆ ದಪ್ಪ ಥಟ್ಟನೆ ನಿಂತುಬಿಡುತ್ತದೆ, ಪೈಜಾಮಾದ ತುದಿಗೆ ಎಲಾಸ್ಟಿಕ್ ಹಾಕಿದ ಹಾಗೆ. ಒತ್ತಿದರೆ ನೋವು. ಬಸ್ಸಿನ ಸೀಟು ತಾಗಿದರೂ ನೀಲಿಗಟ್ಟುತ್ತದೆ. ಊಟ ಬಿಟ್ಟರೆ ಮುಖ ಇಳಿಯುತ್ತದೆ, ಸೊಂಟ ಇಳಿಯುತ್ತದೆ, ಕಾಲು ಇಳಿಯುವುದಿಲ್ಲ.

ಕಾಲೇಜಿನಲ್ಲಿ ನಾನು ಅನ್ನ ಬಿಟ್ಟು ಒಂದು ಹೊತ್ತು ಮುದ್ದೆ ಮಾತ್ರ ತಿನ್ನುತ್ತಿದ್ದೆ, ನೆನಪಿದೆಯಾ? ಕೆನ್ನೆ ಒಳಗೆ ಹೋಗಿ ಅಮ್ಮ ಗಾಬರಿಯಾಗಿದ್ದರು. ಚೂಡಿದಾರದ ಪ್ಯಾಂಟು ಮಾತ್ರ ಮೀನಖಂಡ ದಾಟಿ ಮೇಲೆ ಬರುತ್ತಿರಲಿಲ್ಲ. ಡಾಕ್ಟರು "ವಾಕಿಂಗ್ ಮಾಡಮ್ಮ, ಸಿಹಿ ಬಿಡು" ಅಂದು ಕಳಿಸಿದರು. ಬಸ್ ಸ್ಟಾಂಡಿನ ಹುಡುಗರು ಆನೆಕಾಲು ಅಂತ ಹೆಸರಿಟ್ಟರು. ಆನೆಕಾಲು ರೋಗ ಸೊಳ್ಳೆಯಿಂದ ಬರುವುದು, ಅದರಲ್ಲಿ ಪಾದವೂ ಊದುತ್ತದೆ. ನನಗೆ ಮದುವೆಯಲ್ಲಿ ಹಾಕಿದ ಕಾಲುಂಗುರ ಇವತ್ತಿಗೂ ಸರಿಯಾಗಿ ಕೂರುತ್ತದೆ. ಅಷ್ಟು ಸಣ್ಣ ಗುರುತು ನೋಡಿ ಹೇಳಬಹುದಾಗಿದ್ದನ್ನು ಯಾರೂ ಹೇಳಲಿಲ್ಲ. ಇಲ್ಲಿಗೆ ಬಂದ ಮೇಲೆ ರಕ್ತನಾಳದ ಡಾಕ್ಟರ್ ಒಬ್ಬರು ಮೀನಖಂಡವನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, "ನಿಮ್ಮ ತಾಯಿಗೂ ಹೀಗೇ ಇದೆಯಾ?" ಅಂತ ಕೇಳಿದರು. ನನಗೆ ಮೊದಲು ಕಣ್ಣ ಮುಂದೆ ಬಂದದ್ದು ಅಜ್ಜಿಯ ಕಾಲು. ಮೊಣಕಾಲಿನ ಹತ್ತಿರ ಮಡಿಕೆ ಮಡಿಕೆ, ಪಾದ ಮಾತ್ರ ಪುಟ್ಟದು. ಇದು ಮನೆತನದಲ್ಲಿ ಇಳಿದು ಬರುತ್ತದಂತೆ.

ದುಡ್ಡಿನ ವಿಷಯ ಭಾವ ಕೇಳೇ ಕೇಳುತ್ತಾರೆ. ಇಲ್ಲಿ 2020ರಿಂದ ಲಿಪೆಡಿಮಾದ ಮೂರನೇ ಹಂತ ಮುಟ್ಟಿದವರಿಗೆ ಮಾತ್ರ ಸರ್ಕಾರಿ ಇನ್ಶೂರೆನ್ಸ್ ಈ ಆಪರೇಷನ್ನಿನ ಖರ್ಚು ಕೊಡುತ್ತಿತ್ತು. ಮೊದಲ ಎರಡು ಹಂತದವರು ಕೈಯಿಂದ ಸಾವಿರಾರು ಯೂರೋ ಹಾಕಬೇಕಿತ್ತು. 2025ರ ಜುಲೈಯಲ್ಲಿ ಎಲ್ಲ ಹಂತಕ್ಕೂ ಕೊಡಬೇಕು ಅಂತ ತೀರ್ಮಾನವಾಯಿತು. ಸುಮ್ನೆ ಕೇಳಿದರೆ ಕೊಡುವುದಿಲ್ಲ. ಆರು ತಿಂಗಳು ಕಾಲನ್ನು ಬಿಗಿಯಾಗಿ ಒತ್ತಿ ಹಿಡಿಯುವ ಸಾಕ್ಸ್ ಹಾಕಿ, ವ್ಯಾಯಾಮ ಮಾಡಿ, ಆದರೂ ನೋವು ಕಡಿಮೆಯಾಗಿಲ್ಲ ಅಂತ ದಾಖಲೆ ಬೇಕು. ನಾನು ಹೋದ ವರ್ಷವೆಲ್ಲ ಆ ದಪ್ಪ ಸಾಕ್ಸಿನಲ್ಲೇ ಕಳೆದಿದ್ದೆ. ಬೇಸಿಗೆಯಲ್ಲಿ ಅದನ್ನು ಹಾಕಿಕೊಂಡು ಆಫೀಸಿಗೆ ಹೋಗುವುದು ಏನು ಅಂತ ಹಾಕಿದವರಿಗೇ ಗೊತ್ತು. ನಮ್ಮ ಕಡೆಯ ಮೆಡಿಕ್ಲೇಮ್ ಪಾಲಿಸಿಗಳಲ್ಲಿ ಇದನ್ನು ಅಂದ ಹೆಚ್ಚಿಸುವ ಸರ್ಜರಿ ಅಂತ ಪಕ್ಕಕ್ಕೆ ತಳ್ಳುವುದೇ ಜಾಸ್ತಿ. ನನಗೆ ಆ ತೊಂದರೆ ಆಗಲಿಲ್ಲ, ಅದೃಷ್ಟ.

ಆಪರೇಷನ್ ಆದದ್ದು ಶಿವರಾತ್ರಿ ಕಳೆದ ಮೇಲೆ. ಈ ಸಲ ಮೊಣಕಾಲು ಮತ್ತು ಅದರ ಕೆಳಗೆ ಮಾತ್ರ. ತೊಡೆಯದ್ದು ಇನ್ನೂ ಕೆಲವು ತಿಂಗಳು ಬಿಟ್ಟು. ಕೊಬ್ಬೆಲ್ಲವನ್ನೂ ಒಂದೇ ದಿನ ತೆಗೆಯುವುದಿಲ್ಲ, ದೇಹ ತಡೆಯುವುದಿಲ್ಲ. ಮೊದಲು ಕಾಲೊಳಗೆ ಉಪ್ಪುನೀರು ತುಂಬಿಸುತ್ತಾರೆ. ಅದರಲ್ಲಿ ಮರಗಟ್ಟಿಸುವ ಲಿಡೊಕೇನ್ ಮತ್ತು ರಕ್ತನಾಳ ಕುಗ್ಗಿಸುವ ಅಡ್ರಿನಲಿನ್ ಸೇರಿರುತ್ತದೆ. ಆಮೇಲೆ ಕೊಬ್ಬನ್ನು ಹೀರಿ ತೆಗೆಯುತ್ತಾರೆ. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಚರ್ಮದ ಡಾಕ್ಟರ್ ಜೆಫ್ರಿ ಕ್ಲೈನ್ ಕಂಡುಕೊಂಡ ದಾರಿ ಇದು. ಅದಕ್ಕಿಂತ ಮೊದಲು ತುಂಬಾ ರಕ್ತ ಹೋಗುತ್ತಿತ್ತಂತೆ, ಈಗ ಹಾಗಿಲ್ಲ. ಇದನ್ನು ಅಮ್ಮನಿಗೆ ಹೇಳು. ಅಪಾಯವೇ ಇಲ್ಲ ಅನ್ನುವುದಿಲ್ಲ. ಅದಕ್ಕೇ ರಾತ್ರಿ ಆಸ್ಪತ್ರೆಯಲ್ಲಿ ಇಟ್ಟುಕೊಂಡು ನೋಡಿ ಕಳಿಸಿದರು.

ನಿಜವಾದ ಕಷ್ಟ ಮನೆಯಲ್ಲಿ, ಅಕ್ಕಾ. ನಮ್ಮದು ಮೂರನೇ ಮಹಡಿ, ಲಿಫ್ಟ್ ಇಲ್ಲ. ಈ ಊರೇ ಗುಡ್ಡದ ಮೇಲೆ ಹರಡಿಕೊಂಡಿದೆ, ಎಲ್ಲಿ ನೋಡಿದರೂ ಮೆಟ್ಟಿಲು. ಇವರ ಭುಜ ಹಿಡಿದು, ಪ್ರತಿ ತಿರುವಿನಲ್ಲೂ ನಿಂತು, ಹೇಗೋ ಮೇಲೆ ಬಂದೆ. ಒಳಗೆ ತುಂಬಿಸಿದ ನೀರೆಲ್ಲ ಆ ರಾತ್ರಿ ಹೊರಗೆ ಬರಲು ಶುರುವಾಯಿತು. ಸಣ್ಣ ಸಣ್ಣ ತೂತುಗಳನ್ನು ಹಾಗೇ ಬಿಟ್ಟಿರುತ್ತಾರೆ, ನೀರು ಸೋರಿ ಹೋಗಲಿ ಅಂತ. ಕೆಂಪು ಕೆಂಪಾಗಿರುತ್ತದೆ, ನೋಡಿದರೆ ಬರೀ ರಕ್ತ ಅನ್ನಿಸುತ್ತದೆ. ಇವರು ಫೋನ್ ಕೈಗೆತ್ತಿಕೊಂಡು ಆಂಬುಲೆನ್ಸ್ ಕರೆಯಲಾ ಅಂತ ನಿಂತಿದ್ದರು. ಬಹುಪಾಲು ಅದು ಉಪ್ಪುನೀರೇ ಅಂತ ಆಸ್ಪತ್ರೆಯ ಕಾಗದ ತೋರಿಸಿ ಕೂರಿಸಿದೆ. ಹಾಸಿಗೆಗೆ ಪ್ಲಾಸ್ಟಿಕ್, ಅದರ ಮೇಲೆ ಹಳೇ ಟವಲು, ಅದರ ಮೇಲೆ, ಹಾಸಿಗೆ ಹಿಡಿದ ರೋಗಿಗಳಿಗೆ ಹಾಸುತ್ತಾರಲ್ಲ, ಆ ನೀರು ಹೀರುವ ಶೀಟು. ಎರಡು ದಿನಕ್ಕೆ ಸೋರುವುದು ನಿಂತಿತು.

ಆಮೇಲೆ ಆ ಬಿಗಿ ಉಡುಪು. ಪಾದದಿಂದ ಸೊಂಟದ ತನಕ, ಮೈಗೆ ಅಂಟಿದ ಹಾಗೆ. ಕೆಲವು ವಾರ ಹಗಲೂ ರಾತ್ರಿ ಇದೇ. ಊತ ತಡೆಯುವುದು, ಖಾಲಿಯಾದ ಜಾಗದಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳುವುದು ಇದರ ಕೆಲಸ. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಂಡು ಇಂಚಿಂಚೇ ಮೇಲೆ ಎಳೆಯಬೇಕು, ಬರಿಗೈಗೆ ಹಿಡಿತ ಸಿಗುವುದಿಲ್ಲ. ನಡುವೆ ಬಾತ್‌ರೂಮಿಗೆ ಅಂತ ಒಂದು ಕಿಂಡಿ ಬಿಟ್ಟಿರುತ್ತಾರೆ. ಆ ಕಿಂಡಿಯ ಮೇಲೆ ನಂಬಿಕೆ ಇಡಬೇಡ, ಅಷ್ಟೇ ಹೇಳುತ್ತೇನೆ. ನಮ್ಮ ಊರಿನ ಮನೆಯ ಕುಕ್ಕರುಗಾಲಿನ ಕಕ್ಕಸು ನೆನೆಸಿಕೊಂಡು ಇಲ್ಲಿಯ ಕಮೋಡಿಗೆ ಕೈ ಮುಗಿದೆ.

ಮೊದಲ ಸಲ ಅದನ್ನು ಬಿಚ್ಚುವಾಗ ಜೊತೆಗೆ ಯಾರಾದರೂ ಇರಲೇಬೇಕು. ಒತ್ತಿಟ್ಟ ರಕ್ತ ಒಮ್ಮೆಲೇ ಕಾಲಿಗೆ ಇಳಿದು ತಲೆ ಸುತ್ತುತ್ತದೆ. ನನಗೂ ಕಣ್ಣು ಕತ್ತಲೆ ಬಂತು. ಇವರು ಮೊದಲೇ ಸ್ಟೂಲ್ ಇಟ್ಟು, ಸಕ್ಕರೆ ನಿಂಬೆ ಪಾನಕ ಮಾಡಿಟ್ಟಿದ್ದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಇವರು ಮಾಡಿದ ಅತಿ ಒಳ್ಳೆಯ ಪಾನಕ ಅದು. ದಿನಾ ಹೊಟ್ಟೆಯ ಚರ್ಮಕ್ಕೆ ಹೆಪಾರಿನ್ ಇಂಜೆಕ್ಷನ್ ಬೇರೆ, ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಬಾರದು ಅಂತ. ಇವರು ಸೂಜಿ ಕಂಡರೆ ಬೆವರುತ್ತಾರೆ, ಹಾಗಾಗಿ ನಾನೇ ಚುಚ್ಚಿಕೊಂಡೆ. ಸುಮ್ಮನೆ ಮಲಗಲೂ ಬಿಡುವುದಿಲ್ಲ. ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ ಆಗಾಗ ನಡೆಯಬೇಕು. ಒಂದೇ ಕಾಲು ಬಿಸಿಯಾಗಿ ಊದಿದರೆ, ಉಸಿರು ಕಟ್ಟಿದರೆ, ಜ್ವರ ಏರಿದರೆ ತಡ ಮಾಡದೆ ಆಸ್ಪತ್ರೆಗೆ ಬಾ ಅಂತ ಹೇಳಿ ಕಳಿಸಿದ್ದರು. ಅಂಥದ್ದೇನೂ ಆಗಲಿಲ್ಲ.

ಒಂದು ತಮಾಷೆ ಕೇಳು. ಲೀಟರ್‌ಗಟ್ಟಲೆ ಕೊಬ್ಬು ತೆಗೆದಿದ್ದಾರೆ, ತೂಕ ನೋಡಿದರೆ ಮೊದಲಿಗಿಂತ ಜಾಸ್ತಿ! ಊತದ ನೀರು ಅದು. ಕಾಲೂ ಮೊದಲಿಗಿಂತ ದಪ್ಪ, ಬಣ್ಣ ನೇರಳೆ ಹಣ್ಣಿನದು. ಇಷ್ಟು ಅನುಭವಿಸಿ ಇದೇನಾ ಸಿಕ್ಕಿದ್ದು ಅಂತ ಒಂದು ಸಂಜೆ ಕೂತು ಅತ್ತುಬಿಟ್ಟೆ. ನೇರಳೆ ಆಮೇಲೆ ಹಸಿರಾಯಿತು, ಹಳದಿಯಾಯಿತು, ಈಗ ಹೆಚ್ಚಿನ ಕಡೆ ಮಾಸಿದೆ. ಅಲ್ಲಲ್ಲಿ ಗಟ್ಟಿ ಗಂಟು ಕೈಗೆ ಸಿಗುತ್ತವೆ. ಕೆಲವು ಕಡೆ ಮುಟ್ಟಿದರೆ ಗೊತ್ತೇ ಆಗುವುದಿಲ್ಲ, ಪಕ್ಕದಲ್ಲೇ ಕರೆಂಟು ಹೊಡೆದ ಹಾಗೆ ಚುಳಕ್ ಅನ್ನುತ್ತದೆ. ನರ ಚೇತರಿಸಿಕೊಳ್ಳುವ ಲಕ್ಷಣವಂತೆ. ನಿಜವಾದ ಆಕಾರ ಕಾಣಲು ಆರು ತಿಂಗಳಾದರೂ ಬೇಕು.

ವಾರಕ್ಕೆ ಎರಡು ಸಲ ಲಿಂಫ್ ಡ್ರೈನೇಜಿಗೆ, ಅಂದರೆ ಊತದ ನೀರು ಇಳಿಸುವ ಒಂದು ಬಗೆಯ ಮಸಾಜಿಗೆ, ಹೋಗುತ್ತೇನೆ. ಅಮ್ಮ ಬಿಸಿ ಹರಳೆಣ್ಣೆ ಹಚ್ಚಿ ಗಟ್ಟಿಯಾಗಿ ನೀವು ಅನ್ನುತ್ತಾರೆ. ಇದು ಅದಕ್ಕೆ ಪೂರ್ತಿ ಉಲ್ಟಾ. ಎಣ್ಣೆಯೂ ಇಲ್ಲ, ಒತ್ತುವುದೂ ಇಲ್ಲ. ಚರ್ಮವನ್ನು ಮೆಲ್ಲಗೆ ಸರಿಸುತ್ತಾರೆ, ಅಷ್ಟೇ. ಊದಿರುವುದು ಕಾಲು, ಶುರು ಮಾಡುವುದು ಕತ್ತಿನಿಂದ! ದೇಹದ ಲಿಂಫ್ ನೀರೆಲ್ಲ ಕೊನೆಗೆ ರಕ್ತಕ್ಕೆ ಸೇರುವುದು ಕತ್ತಿನ ಕೆಳಗಿನ ಮೂಳೆಯ ಹತ್ತಿರ. ಮೊದಲು ಅಲ್ಲಿಯ ದಾರಿ ತೆರವು ಮಾಡಿ, ಆಮೇಲೆ ಕೆಳಗಿನ ನೀರನ್ನು ಮೇಲೆ ಕಳಿಸುವುದು. ಡೆನ್ಮಾರ್ಕಿನ ಎಮಿಲ್ ವೊಡರ್ ಮತ್ತು ಅವರ ಹೆಂಡತಿ ಎಸ್ಟ್ರಿಡ್ 1930ರ ದಶಕದಲ್ಲಿ ರೂಪಿಸಿದ ವಿಧಾನ. ನನಗೆ ಅರ್ಧದಲ್ಲೇ ನಿದ್ದೆ ಬರುತ್ತದೆ.

ಊಟದ ಬಗ್ಗೆ ಅಮ್ಮನಿಗೆ ಸಮಾಧಾನ ಹೇಳು. ಬದನೆಕಾಯಿ ನಂಜು, ಕುಂಬಳಕಾಯಿ ನಂಜು ಅಂತ ದಿನಾ ವಾಯ್ಸ್ ಮೆಸೇಜ್ ಬರುತ್ತದೆ. ಇಲ್ಲಿಯ ಡಾಕ್ಟರಿಗೆ ಬದನೆಕಾಯಿ ಮೇಲೆ ಯಾವ ದ್ವೇಷವೂ ಇಲ್ಲ. ಉಪ್ಪು ಕಡಿಮೆ ಮಾಡಿ, ಬೇಳೆಕಾಳು ಮೊಸರು ಚೆನ್ನಾಗಿ ತಿನ್ನಿ ಅಂದರು. ಹಾಗಾಗಿ ಹೆಸರುಬೇಳೆ ತೊವ್ವೆ, ಮೆಣಸಿನ ಸಾರು, ರಾಗಿ ಅಂಬಲಿ. ನೀನು ಕಳಿಸಿದ ಮಿಡಿ ಉಪ್ಪಿನಕಾಯಿ ಜಾಡಿಯನ್ನು ಇವರು ಕಪಾಟಿನ ಮೇಲಿನ ಹಲಗೆಗೆ ಏರಿಸಿದ್ದಾರೆ, ನಾನು ಸ್ಟೂಲ್ ಹತ್ತಲಾರೆ ಅಂತ ಗೊತ್ತಿದ್ದೇ. ಯುಗಾದಿಯ ಎಣ್ಣೆ ನೀರೂ ಈ ಸಲ ಇಲ್ಲ. ಶವರ್ ಮಾತ್ರ, ಅದೂ ಉಗುರುಬೆಚ್ಚಗೆ.

ಕೆಳಗಿನ ಮನೆಯ ಜರ್ಮನ್ ಅಜ್ಜಿಯ ಬಗ್ಗೆ ಬರೆಯಲೇಬೇಕು. ಈ ಊರಿನಲ್ಲಿ ಕೇರ್‌ವೊಖೆ ಅಂತ ಒಂದು ಪದ್ಧತಿ. ಒಂದೊಂದು ವಾರ ಒಂದೊಂದು ಮನೆಯವರು ಮೆಟ್ಟಿಲು, ಅಂಗಳ ಗುಡಿಸಿ ಒರೆಸಬೇಕು. ಸರದಿ ಬಂದಾಗ ಬಾಗಿಲಿಗೆ ಬೋರ್ಡು ನೇತು ಹಾಕುತ್ತಾರೆ. ಹಿಂದೆ ಒಂದು ಸಲ ನಾನು ಮೂಲೆ ಸರಿಯಾಗಿ ಒರೆಸಿಲ್ಲ ಅಂತ ಬಂದು ತೋರಿಸಿಕೊಟ್ಟ ಅಜ್ಜಿ ಅವರು. ಈ ಸಲ ಬೋರ್ಡು ನಮ್ಮ ಬಾಗಿಲಿಗೆ ಬಂದ ದಿನವೇ ತೆಗೆದು ತಮ್ಮ ಬಾಗಿಲಿಗೆ ಹಾಕಿಕೊಂಡರು. ಮಾತಿಲ್ಲ, ಕತೆಯಿಲ್ಲ. ಮಾರನೇ ದಿನ ಆಲೂಗಡ್ಡೆ ಸೂಪ್ ತಂದುಕೊಟ್ಟರು. ಉಪ್ಪೇ ಇರಲಿಲ್ಲ, ಡಾಕ್ಟರು ಹೇಳಿದ್ದಕ್ಕೆ ಸರಿಹೋಯಿತು.

ಈಗ ಪತ್ರ ಬರೆಯಲು ಕೂತ ವಿಷಯಕ್ಕೆ ಬರುತ್ತೇನೆ. ಹೋದ ತಿಂಗಳು ಫೋನಿನಲ್ಲಿ ನೀನು "ಪುಟ್ಟಿಗೂ ನಿನ್ನ ಕಾಲೇ ಬಂದಿದೆ, ರಾತ್ರಿ ಊಟ ನಿಲ್ಲಿಸಿದ್ದೇನೆ" ಅಂದೆ. ಅವತ್ತಿನಿಂದ ನನಗೆ ಅದೇ ಯೋಚನೆ. ಊಟ ನಿಲ್ಲಿಸಬೇಡ ಅಕ್ಕಾ. ಇಲ್ಲಿ ಕೂತು ಅವಳಿಗೆ ಲಿಪೆಡಿಮಾ ಅಂತ ನಾನು ಹೇಳಲಾರೆ, ಬರೀ ಬೆಳೆಯುವ ವಯಸ್ಸಿನ ಮೈಯೂ ಇರಬಹುದು. ಆದರೆ ಇದ್ದರೆ, ಹಸಿದು ಅದು ಹೋಗುವುದಿಲ್ಲ. ಹಸಿದು ಹಸಿದು, ಕಾಲು ಇಳಿಯದೇ ಇದ್ದಾಗ ತಪ್ಪು ತನ್ನದೇ ಅಂದುಕೊಂಡು ಹುಡುಗಿ ಒಳಗೊಳಗೇ ಕುಗ್ಗುತ್ತಾಳೆ. ನಾನು ಹತ್ತು ಹದಿನೈದು ವರ್ಷ ಹಾಗೇ ಇದ್ದೆ, ನಿನಗೆ ಗೊತ್ತಾಗದ ಹಾಗೆ.

ಅವಳಿಗೆ ಆಪರೇಷನ್ ಮಾಡಿಸು ಅನ್ನುತ್ತಿಲ್ಲ, ಅದರ ಮಾತೇ ಈಗ ಬೇಡ. ಬೇಸಿಗೆ ರಜೆಯಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋಗಿ ರಕ್ತನಾಳದ ಡಾಕ್ಟರಿಗೆ ತೋರಿಸು. ಬ್ಯೂಟಿ ಕ್ಲಿನಿಕ್ಕಿಗೆ ಬೇಡ, ಎಷ್ಟೇ ದೊಡ್ಡ ಬೋರ್ಡು ಇದ್ದರೂ. ಒತ್ತಿದರೆ ನೋವಾಗುತ್ತದಾ, ಸುಮ್ಮಸುಮ್ಮನೆ ನೀಲಿಗಟ್ಟುತ್ತದಾ, ಸಂಜೆ ಹೊತ್ತಿಗೆ ಕಾಲು ಭಾರವಾಗುತ್ತದಾ ಅಂತ ಮೊದಲು ನೀನೇ ಕೇಳು. ಅಜ್ಜಿ, ಅಮ್ಮ, ನನ್ನ ವಿಷಯ ಮೂರನ್ನೂ ಡಾಕ್ಟರಿಗೆ ಹೇಳು. ನನ್ನ ರಿಪೋರ್ಟಿನ ಇಂಗ್ಲಿಷ್ ಪ್ರತಿ ಮಾಡಿಸಿ ಕಳಿಸುತ್ತೇನೆ, ತೋರಿಸಲು ಬೇಕಾಗುತ್ತದೆ. ಈಜು ಕಲಿಯಬೇಕು ಅಂತಿದ್ದಳಲ್ಲ, ಸೇರಿಸು. ಈ ಕಾಲಿಗೆ ನೀರಿನೊಳಗಿನ ವ್ಯಾಯಾಮ ತುಂಬಾ ಒಳ್ಳೆಯದು. ಫೀಸು ನಾನು ಕಟ್ಟುತ್ತೇನೆ, ಭಾವ ಬೇಡ ಅಂದರೂ.

ನನಗೂ ಇದು ಪೂರ್ತಿ ವಾಸಿಯಾಗುವ ಕಾಯಿಲೆಯಲ್ಲ. ಸಾಕ್ಸು ಮುಂದೆಯೂ ಬೇಕಾಗಬಹುದು. ಆದರೆ ಆಪರೇಷನ್ನಿನ ಈ ನೋವು ಬೇರೆ, ದಿನಾ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತದೆ. ಆ ಹಳೇ ನೋವು ಯಾವತ್ತೂ ಕಡಿಮೆಯಾಗಿರಲಿಲ್ಲ.

ಈ ಪತ್ರ ಪುಟ್ಟಿಗೆ ಓದಲು ಕೊಡು, ಕಿಂಡಿಯ ವಿಷಯವೂ ಸೇರಿ, ನಗಲಿ. ಅಮ್ಮನಿಗೆ ನೀನೇ ಓದಿ ಹೇಳು, ಮಧ್ಯೆ ಬೇಕಾದ್ದು ಬಿಟ್ಟು. ಭಾನುವಾರ ಮಧ್ಯಾಹ್ನ ನಿಮ್ಮ ಊಟವಾದ ಮೇಲೆ ಫೋನ್ ಮಾಡುತ್ತೇನೆ. ಭಾವ ಸಂತೆಗೆ ಹೋಗಿರುವ ಹೊತ್ತು ಹೇಳು, ಪುಟ್ಟಿ ಜೊತೆ ನಾನೇ ಮಾತಾಡಬೇಕು.

ಇಂತಿ ನಿನ್ನ ತಂಗಿ