ಮಿಮಿಯ ಸಾವಿನ ಹೊತ್ತಿಗೆ ಕ್ಯಾಮೆರಾ ಅಲುಗಾಡದಿರಲಿ

ಮಾನ್ಯ ಸಂಪಾದಕರೇ,

ಇಟಲಿಯ ಸಂಗೀತ ಸಂಯೋಜಕ ಪುಚ್ಚೀನಿಯ ‘ಲಾ ಬೊಹೆಮ್’ ಒಪೆರಾವನ್ನು (ಹಾಡಿನಲ್ಲೇ ಸಾಗುವ ಸಂಗೀತ ನಾಟಕ) ಚಿತ್ರಮಂದಿರದಲ್ಲೋ ಟಿ.ವಿ.ಯಲ್ಲೋ ನೋಡಿ ಬಂದವರು ನಾಯಕಿ ಮಿಮಿಯ ಸಾವು ಮನಸ್ಸಿಗೆ ತಟ್ಟಲಿಲ್ಲ ಎಂದರೆ, ಗಾಯಕಿಯನ್ನು ದೂರುವ ಮುನ್ನ ಪ್ರಸಾರ ಹೇಗಿತ್ತು ಎಂದು ಕೇಳಬೇಕು. ಆ ದೃಶ್ಯ ಕೆಡುವುದು ಬಹಳ ಸಲ ಕ್ಯಾಮೆರಾದಿಂದ ಮತ್ತು ಅಡಿಬರಹದಿಂದ.

ಕೊನೆಯ ಅಂಕದ ಅಂತ್ಯದಲ್ಲಿ ಕೃತಿಯಲ್ಲೇ ಬರೆದಿಟ್ಟ ರಂಗಸೂಚನೆ ಬಲು ನಿಖರವಾಗಿದೆ. ಮಿಮಿ ಹಾಸಿಗೆಯಲ್ಲಿದ್ದಾಳೆ. ಗೆಳತಿ ಮುಸೆಟ್ಟಾ ಔಷಧಿ ಬಿಸಿಮಾಡುತ್ತ ಪ್ರಾರ್ಥಿಸುತ್ತಿದ್ದಾಳೆ. ಕಿಟಕಿಯ ಬಿಸಿಲು ಇನ್ನೇನು ಮಿಮಿಯ ಮುಖಕ್ಕೆ ಬೀಳಲಿದೆ ಎನ್ನುವಾಗ ಮಿಮಿಯ ಪ್ರಿಯಕರ ರೊಡಾಲ್ಫೊ ಮುಸೆಟ್ಟಾಳ ಮೇಲುಹೊದಿಕೆ ಹಿಡಿದು, ಕುರ್ಚಿ ಹತ್ತಿ, ಕಿಟಕಿಗೆ ಮರೆಕಟ್ಟಲು ನೋಡುತ್ತಾನೆ. ಅವನು ಬೆನ್ನು ಮಾಡಿರುವ ಆ ಗಳಿಗೆಯಲ್ಲೇ ಅವನ ಗೆಳೆಯ ಶೋನಾರ್ ತುದಿಗಾಲಲ್ಲಿ ಹಾಸಿಗೆಯ ಬಳಿ ಹೋಗುತ್ತಾನೆ. ಮರಳಿ ಬಂದು, ಪ್ರಾಣ ಹೋಗಿದೆ ಎಂದು ಇನ್ನೊಬ್ಬ ಗೆಳೆಯ ಮಾರ್ಚೆಲ್ಲೊಗೆ ಪಿಸುಗುಡುತ್ತಾನೆ. ಅಷ್ಟರಲ್ಲಿ ತನ್ನ ಕೋಟು ಒತ್ತೆಯಿಟ್ಟು ಹಣ ತಂದ ಕೊಲಿನ್ ಒಳಬಂದು ಹೇಗಿದ್ದಾಳೆ ಎಂದು ವಿಚಾರಿಸುತ್ತಾನೆ. ರೊಡಾಲ್ಫೊ ಹೇಳುತ್ತಾನೆ: ನೋಡು, ಶಾಂತವಾಗಿದ್ದಾಳೆ.

ಇಡೀ ದುಃಖ ಇರುವುದು ಇಲ್ಲಿ. ಕೋಣೆಯಲ್ಲಿ ಕೆಲವರಿಗೆ ಗೊತ್ತು, ಗೊತ್ತಾಗಬೇಕಾದವನಿಗೆ ಗೊತ್ತಿಲ್ಲ. ರಂಗಮಂದಿರದಲ್ಲಿ ಹಾಸಿಗೆ, ಕಿಟಕಿ, ಗೆಳೆಯರು ಒಟ್ಟಿಗೇ ಕಣ್ಣಿಗೆ ಬೀಳುತ್ತಾರೆ. ಪ್ರಸಾರದಲ್ಲಿ ನಿರ್ದೇಶಕರು ಮಿಮಿಯ ಜಾರುವ ಕೈಯನ್ನು ಹತ್ತಿರದಿಂದ ತೋರಿಸಿಬಿಡುತ್ತಾರೆ. ಶೋನಾರ್‌ಗಿಂತ ಮೊದಲೇ ನಮಗೆ ಸುದ್ದಿ ತಲುಪಿತು. ಅವನ ತುದಿಗಾಲ ನಡಿಗೆಗೆ ಅರ್ಥವೇ ಉಳಿಯಲಿಲ್ಲ. ಮೇಲುಹೊದಿಕೆ ಕೈಗೆತ್ತಿಕೊಂಡಲ್ಲಿಂದ, ಸಾವು ತಿಳಿದ ರೊಡಾಲ್ಫೊ ಮಿಮಿಯ ಹೆಸರು ಕೂಗುವವರೆಗೆ ಒಂದೇ ಅಗಲ ಚೌಕಟ್ಟು ಸಾಕು.

ಅಡಿಬರಹದ್ದೂ ಇದೇ ಕಥೆ. ಹಾಡುವ ಸಾಲಿಗಿಂತ ತುಸು ಮೊದಲೇ ಅಡಿಬರಹ ಹಾಕುವುದು ರೂಢಿಯಾಗಿದೆ. ಬೇರೆಡೆ ಅದರಿಂದ ತೊಂದರೆಯಿಲ್ಲ. ಶೋನಾರ್‌ನ ಸಾಲು ಮಾತ್ರ ಅವನ ಬಾಯಿಂದ ಹೊರಟ ಮೇಲೆಯೇ ಬರಬೇಕು. ಹಾಗೆಯೇ, ಗೆಳೆಯರು ತನ್ನನ್ನೇಕೆ ಹೀಗೆ ನೋಡುತ್ತಿದ್ದಾರೆ ಎಂದು ರೊಡಾಲ್ಫೊ ಕೇಳುವುದು ಹಾಡಲ್ಲ, ಬರೀ ಮಾತು. ಅಲ್ಲಿ ಎರಡು ಸಾಲಿನ ಅಡಿಬರಹ ತುಂಬಿದರೆ ಕಣ್ಣು ಓದಲು ಹೋಗುತ್ತದೆ, ಮುಖ ತಪ್ಪಿಹೋಗುತ್ತದೆ.

ಇನ್ನು ಧ್ವನಿ. ಒಪೆರಾ ಗಾಯಕರು ಸಭಾಂಗಣಕ್ಕೆ ಕೇಳಿಸಲು ಮೈಕು ಬಳಸುವುದಿಲ್ಲ. ಪಳಗಿದ ಕಂಠ ಸುಮಾರು 3,000 ಹರ್ಟ್ಸ್ ಆಸುಪಾಸಿನಲ್ಲಿ ಬಲವಾಗಿರುತ್ತದೆ. ವಾದ್ಯವೃಂದ ಅಲ್ಲಿ ದುರ್ಬಲವಾದ್ದರಿಂದ ದನಿ ಅದನ್ನು ಸೀಳಿಕೊಂಡು ಬರುತ್ತದೆ. ಪ್ರಸಾರದ ಮೈಕುಗಳ ಲೆಕ್ಕ ಬೇರೆ. ಮೆಲುದನಿಯನ್ನು ಎತ್ತಿ, ಜೋರು ದನಿಯನ್ನು ತಗ್ಗಿಸಿ ಸಮ ಮಾಡಿದರೆ ಮೊದಲ ಅಂಕದ ಕೊನೆಯೂ ಹಾಳಾಗುತ್ತದೆ. ಅಲ್ಲಿ ಪ್ರೇಮಿಗಳಿಬ್ಬರೂ ಹೊರನಡೆದು, ಕೊನೆಯ ಸ್ವರವನ್ನು ರಂಗದ ಹಿಂದಿನಿಂದ ಹಾಡುತ್ತಾರೆ. ಆ ಸ್ವರ ದೂರ ಹೋಗುತ್ತಿರುವಂತೆ ಕೇಳಿಸಬೇಕು, ಕಿವಿಯ ಪಕ್ಕದಲ್ಲಿ ಅಲ್ಲ.

ಮನೆಯಲ್ಲಿ ನೋಡುವವರು ಟಿ.ವಿ.ಯ ‘ನೈಟ್ ಮೋಡ್’ ಮತ್ತು ಧ್ವನಿ ಸಮಗೊಳಿಸುವ ಆಯ್ಕೆಗಳನ್ನು ಆಫ್ ಮಾಡಿಡಲಿ. ತುಟಿಗೂ ದನಿಗೂ ಹೊಂದಿಕೆ ತಪ್ಪಿದೆಯೇ ಎಂದು ತಿಳಿಯಲು ‘ಮಿಮಿ’ ಎನ್ನುವ ಹೆಸರೇ ಒಳ್ಳೆಯ ಪರೀಕ್ಷೆ: ‘ಮ’ಕಾರಕ್ಕೆ ತುಟಿ ಮುಚ್ಚಲೇಬೇಕು. ದನಿಯು ಚಿತ್ರಕ್ಕಿಂತ 45 ಮಿಲಿಸೆಕೆಂಡು ಮುಂದಾದರೂ ಗೊತ್ತಾಗುತ್ತದೆ, 125ರಷ್ಟು ಹಿಂದಾಗುವವರೆಗೆ ಅಷ್ಟಾಗಿ ತಿಳಿಯುವುದಿಲ್ಲ. ದೂರದ ಸದ್ದು ತಡವಾಗಿ ಬರುವುದು ಕಿವಿಗೆ ರೂಢಿ, ಮೊದಲೇ ಬರುವುದು ರೂಢಿಯಿಲ್ಲ. ದನಿ ಮುಂದಾಗಿದ್ದು ಸೌಂಡ್‌ಬಾರ್ (ಟಿ.ವಿ.ಗೆ ಜೋಡಿಸುವ ಸ್ಪೀಕರ್) ಇದ್ದರೆ, ದನಿಯನ್ನು ತಡಮಾಡುವ ಅದರ ‘ಆಡಿಯೊ ಡಿಲೇ’ಯಲ್ಲಿ ಇದನ್ನು ಸರಿಮಾಡಿಕೊಳ್ಳಬಹುದು.

ಈ ಕೃತಿಗೂ ಪ್ರಸಾರಕ್ಕೂ ಹಳೆಯ ನಂಟು. 1896ರ ಫೆಬ್ರುವರಿ 1ರಂದು ಟ್ಯೂರಿನ್‌ನಲ್ಲಿ ಮೊದಲ ಪ್ರದರ್ಶನವನ್ನು ನಿರ್ವಹಿಸಿದ ವಾದ್ಯವೃಂದ ನಿರ್ದೇಶಕ ಟೊಸ್ಕನೀನಿಯೇ 50 ವರ್ಷಗಳ ನಂತರ, 1946ರಲ್ಲಿ, ಅಮೆರಿಕದ ಎನ್‌ಬಿಸಿ ರೇಡಿಯೊದಲ್ಲಿ ಅದನ್ನು ನಡೆಸಿಕೊಟ್ಟರು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ತನ್ನ ನೇರ ಟಿ.ವಿ. ಸರಣಿಯನ್ನು 1977ರ ಮಾರ್ಚ್ 15ರಂದು ಆರಂಭಿಸಿದ್ದೂ ಇದರಿಂದಲೇ. ರೆನಾಟಾ ಸ್ಕೊಟ್ಟೊ ಮಿಮಿ, ಪವರೊಟ್ಟಿ ರೊಡಾಲ್ಫೊ.

ಪ್ರಸಾರ ಮಾಡುವವರಲ್ಲಿ ಇನ್ನೊಂದು ಕೋರಿಕೆ. ರೊಡಾಲ್ಫೊನ ಕೂಗಿನ ನಂತರ ವಾದ್ಯವೃಂದ ನುಡಿಸುವ ಕಟ್ಟಕಡೆಯ ಸ್ವರಗಳು ಕೊಲಿನ್ ತನ್ನ ಕೋಟಿಗೆ ವಿದಾಯ ಹೇಳಿದ ಹಾಡಿನವು. ಕಲಾವಿದರ ಹೆಸರಿನ ಪಟ್ಟಿಯನ್ನು ಅವು ಮುಗಿದ ಮೇಲೆ ಹಾಕಿ.

– ಒಪೆರಾ ಆಸಕ್ತರು