ಶರಣೂ, ನಿನ್ನ ಬಸ್ ಸ್ಟ್ಯಾಂಡ್ ಪ್ರಶ್ನೆ ಬಗ್ಗೆ

ದೋಸ್ತ ಶರಣು,

ಹ್ಯಾಂಗಿದ್ದಿ. ಪುಣೆದಾಗ ಮಳಿ ಜೋರದ ಅಂತ ಕೇಳ್ದೆ, ಇಲ್ಲಿ ಬೀದರಕ್ಕ ಬರೀ ಮೋಡ ಬಂದು ಹೋಗಲತ್ಯಾವ. ನಮ್ಮ ದೊಡ್ಡವ್ವ ತೀರಿಕೊಂಡಾಗ ಮಣ್ಣಿಗೆ ಅಂತ ರಾತ್ರಿ ಗಾಡಿ ಹತ್ತಿ ಬಂದಿದ್ದಿ, ಅದಕ್ಕ ಥ್ಯಾಂಕ್ಸ್ ಅಂದ್ರ ನೀ ಬೈತಿ, ಬಿಡು. ಆದ್ರ ಹೋಗುವಾಗ ಒಂದು ಮಾತು ಕೇಳಿ ಹೋದಿ ನೋಡು, ಪಾಸ್ಟರ್ ಸಾಹೇಬ್ರು ಈ ಲೋಕ ನಮ್ಮ ಮನಿ ಅಲ್ಲ, ಇದು ಕಣ್ಣೀರಿನ ಕಣಿವೆ, ನಾವಿಲ್ಲಿ ಪ್ರವಾಸಿಗಳು ಅಂದ್ರಲ್ಲ, ಹಂಗಾದ್ರ ನಿಮ್ಮ ದೊಡ್ಡವ್ವ ಇಷ್ಟು ವರ್ಷ ಬಸ್ ಸ್ಟ್ಯಾಂಡಿನಾಗ ಕುಂತಿದ್ಳೇನು ಅಂತ. ಆವಾಗ ಮಂದಿ ನಡುವ ಏನ್ ಹೇಳ್ಲಿ. ಈಗ ಬರೀಲತ್ತೀನಿ, ಉದ್ದ ಆಗ್ತದ, ಚಹಾ ಇಟ್ಕೊಂಡು ಓದು.

ಈ ಕಣಿವೆ ಮಾತು ನಾ ಮೊದಲು ಕೇಳಿದ್ದು ನಮ್ಮ ಮೆಥೊಡಿಸ್ಟ್ ಸಭೆ, ಅಂದ್ರ ಚರ್ಚಿನಾಗಲ್ಲ, ಕಲಬುರಗಿದಾಗ ಪಿಯುಸಿ ಓದುವಾಗ ಕ್ಯಾಥೊಲಿಕ್ ಹಾಸ್ಟೆಲಿನಾಗ. ಸಂಜಿಮುಂದ ಜಪಸರ ಮುಗಿಸಿ ಕಡಿಕ ಮಾತೆ ಮರಿಯಳಿಗೆ ಒಂದು ಪ್ರಾರ್ಥನೆ ಹೇಳ್ತಿದ್ರು, ನಾವು ಹವ್ವಳ ಮಕ್ಕಳು, ಗಡಿಪಾರಾದವರು, ಈ ಕಣ್ಣೀರಿನ ಕಣಿವೆದಾಗ ಅಳಕೋತ ನಿನ್ನ ಕೂಗ್ತೀವಿ ಅನ್ನೋ ಅರ್ಥದ್ದು. ಲ್ಯಾಟಿನ್ ಭಾಷೆದಾಗ ಹುಟ್ಟಿ ಒಂಬೈನೂರು ವರ್ಷದ ಮ್ಯಾಲಾಗ್ಯಾದ ಅದು, 1492ರಾಗ ಕೊಲಂಬಸನ ಹಡಗಿನ ನಾವಿಕರೂ ಅದನ್ನೇ ಹಾಡ್ತಿದ್ರಂತ. ನನಗಾದ್ರೂ ಆ ವಯಸ್ಸಿನಾಗ ಹಾಸ್ಟೆಲ್ ಸಾಂಬಾರ್ ಬಿಟ್ರ ಬ್ಯಾರೆ ಕಣ್ಣೀರಿರಲಿಲ್ಲ, ಬಾಯಿಪಾಠ ಮಾಡಿ ಒಪ್ಪಿಸ್ತಿದ್ದೆ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ, ಲೋಕ ಕೆಟ್ಟದು ಅಂತ ಬೈಬಲ್ ಶುರು ಆಗಂಗಿಲ್ಲ. ಆದಿಕಾಂಡದ ಮೊದಲನೇ ಅಧ್ಯಾಯದಾಗ ದೇವರು ಮಾಡಿದ್ದೆಲ್ಲ ನೋಡಿ ಭಾಳ ಛಲೋ ಅದ ಅಂತಾನ. ದುಃಖ ಬರೋದು ಮೂರನೇ ಅಧ್ಯಾಯದಾಗ, ಆದಾಮ ಹವ್ವ ಮಾತು ಮೀರಿದ ಮ್ಯಾಲ, ಹೊಲದಾಗ ಮುಳ್ಳು ಕಸ, ಹೆರಿಗಿ ನೋವು, ಬೆವರು, ಕಡಿಕ ಮಣ್ಣಿಗೆ ಮಣ್ಣು. ಅಂದ್ರ ದುಃಖ ಈ ಮನಿ ಮಾಲಕ ಅಲ್ಲ, ಆಮ್ಯಾಲ ಹೊಕ್ಕೊಂಡಿದ್ದು. ಈ ಲೋಕನೇ ಒಬ್ಬ ಕೆಟ್ಟ ದೇವರು ಮಾಡಿದ್ದು, ಶರೀರ ಅಂದ್ರ ಜೈಲು ಅನ್ನೋ ಪಂಥಗಳೂ ಶುರುಶುರುವಿಗೆ ಇದ್ವು, ಸಭೆ ಅದನ್ನ ಒಪ್ಪಲಿಲ್ಲ. ಸಂತ ಅಗಸ್ಟೀನನೇ ಹರೇದಾಗ ಅಂಥದ್ದೊಂದು ಪಂಥದಾಗ ಒಂಬತ್ತು ವರ್ಷ ಇದ್ದು ಬಿಟ್ಟು ಬಂದವ.

ಈ ಅಗಸ್ಟೀನನ ಕಥಿ ನಿನಗ ಹಿಡಸ್ತದ ನೋಡು. 410ರಾಗ ರೋಮ್ ಪಟ್ಟಣ ಲೂಟಿ ಆಯ್ತು, ಮಂದಿ ಸಮುದ್ರ ದಾಟಿ ಆಫ್ರಿಕಾಕ್ಕ ಓಡಿ ಬಂದ್ರು. ಅಲ್ಲಿ ಈಗಿನ ಅಲ್ಜೀರಿಯಾದಾಗ ಇವ ಬಿಷಪ್. 413ಕ್ಕ ಕುಂತು ‘ದೇವರ ನಗರ’ ಅನ್ನೋ ಪುಸ್ತಕ ಬರೀಲಿಕ್ಕೆ ಶುರು ಮಾಡಿ 426ಕ್ಕ ಮುಗಿಸಿದ, ಇಪ್ಪತ್ತೆರಡು ಭಾಗ. ಕಡೇ ಭಾಗದಾಗ ಮನಷ್ಯಾನ ಕಷ್ಟದ್ದು ಒಂದು ಪಟ್ಟಿ ಹಾಕ್ಯಾನ, ರೋಗ, ಬರ, ಯುದ್ಧ, ಹುಚ್ಚುನಾಯಿ ಕಡಿಯೋದು ಕೂಡ ಬಿಟ್ಟಿಲ್ಲ. ಅದರಾಗ ರೈತರ ಮಾತೂ ಬರ್ತದ, ರಾಶಿ ಮಾಡಿ ಕಣಜ ತುಂಬಿಸಿ ಇನ್ನೇನು ಚಿಂತಿಲ್ಲ ಅಂತ ಕುಂತಾಗ ಒಮ್ಮೆಲೇ ಹೊಳಿ ಬಂದು ಕಣಜದಾಗಿಂದೇ ಕಾಳು ಬಳಕೊಂಡು ಹೋದದ್ದು ಅವಗ ಗೊತ್ತಿತ್ತಂತ. 2020ರ ಅಕ್ಟೋಬರಿನಾಗ ಭೀಮಾ ಉಕ್ಕಿ ಬಂದು ಜೇವರ್ಗಿ ಅಫಜಲಪುರ ಕಡೆ ಏನೇನು ಹೋಯ್ತು, ನೆನಪದ ಏನು? ಇಷ್ಟೆಲ್ಲ ಅತ್ತು, ಎರಡೇ ಅಧ್ಯಾಯ ದಾಟಿದ ಮ್ಯಾಲ ಅದೇ ಮನಷ್ಯಾ ಸಮುದ್ರ ಹ್ಯಾಂಗ ಬಣ್ಣ ಬದಲಾಯಿಸ್ತದ, ಹಕ್ಕಿ ಹ್ಯಾಂಗ ಹಾಡ್ತಾವ, ತಿಮಿಂಗಿಲಕ್ಕಿಂತ ಇರುವಿ ಜೇನುನೊಣದ ಕೆಲಸ ಎಷ್ಟು ಅಚ್ಚರಿ ಅಂತ ಬರ್ದಾನ. ಎರಡೂ ಒಂದೇ ಕೈಲಿಂದ. ಮುಂದ 1195ರ ಸುಮಾರಿಗೆ ಇನ್ನೊಬ್ಬವ ಮನಷ್ಯಾನ ಬಾಳು ಎಷ್ಟು ಹೀನ ಅಂತ ಪುಸ್ತಕ ಬರ್ದು, ಮನಷ್ಯಾನ ಘನತೆ ಬಗ್ಗೆನೂ ಒಂದು ಬರೀಬಹುದು ಅಂತ ಮುನ್ನುಡಿದಾಗ ಹೇಳಿ, ಪೋಪ್ ಆಗಿ ಹೋದ. ಎರಡನೇದು ಬರಲೇ ಇಲ್ಲ. ನಮ್ಮ ಪಾಸ್ಟರರ ಪ್ರಸಂಗಗಳಿಗೆ ಸಿಕ್ಕಿದ್ದು ಬರೀ ಮೊದಲನೇದೇ ಅನಸ್ತದ ಒಮ್ಮೊಮ್ಮೆ.

ಈಗ ನಮ್ಮ ಮಂದಿ ವಿಷಯಕ್ಕ ಬರ್ತೀನಿ. ನಮ್ಮ ಹಿರೇರು ಯೇಸುಸ್ವಾಮಿ ಹೆಸರು ಕೇಳಿದ್ದು ನಿಜಾಮನ ರಾಜ್ಯದಾಗ. ಕೇರಿ ಊರ ಹೊರಗ, ಬಾವಿ ಮುಟ್ಟಂಗಿಲ್ಲ, ಗುಡಿ ಮೆಟ್ಟಲಾ ಹತ್ತಂಗಿಲ್ಲ. ಬೀದರ ಜಿಲ್ಲಾದಾಗ ಇಷ್ಟು ಹಳ್ಳಿಗೆ ಮೆಥೊಡಿಸ್ಟ್ ಸಭೆ ಅವ ಅಂದ್ರ ಆ ಕೇರಿಗಳಿಂದಲೇ, ಇದು ನಿನಗೂ ಗೊತ್ತು, ನಾವಿಬ್ರೂ ಮಾತಾಡಂಗಿಲ್ಲ ಅಷ್ಟೇ. ಅವರಿಗೆ ತಲಿತಲಾಂತರ ಹೇಳಿಕೋತ ಬಂದದ್ದೇನು, ನಿಮ್ಮ ಹಣೇಬರ ಇದು, ಹಿಂದಿನ ಜನ್ಮದ್ದು ಉಣ್ಣಲತ್ತೀರಿ ಅಂತ. ಅಂಥವರ ಮುಂದ ಯಾರೋ ಕುಂತು ಆದಿಕಾಂಡದ ಆ ಮೂರನೇ ಅಧ್ಯಾಯ ಓದ್ಯಾರ. ಶಾಪ ಆದಾಮಗ ಬಿತ್ತು, ಮತ್ಲಬ್ ಎಲ್ಲರಿಗೂ ಬಿತ್ತು, ಗೌಡಗೂ ದೇಶಮುಖಗೂ ಕೇರಿಯವರಿಗೂ ಒಂದೇ ಶಾಪ, ಯಾರ ಹುಟ್ಟಿಗೂ ಬ್ಯಾರೆ ಲೆಕ್ಕ ಇಲ್ಲ. ಅದನ್ನ ಕೇಳಿ ಅವರಿಗೆ ದುಃಖ ಆಗಿರಲಿಕ್ಕಿಲ್ಲ, ಎದಿ ಹಗುರಾಗಿರಬೇಕು ಅಂತ ನನಗನಸ್ತದ. ಬೆವರು ಸುರಿಸಿ ರೊಟ್ಟಿ ತಿನ್ರಿ ಅಂತ ದೇವರು ಹೇಳಿದ್ದು ಎಲ್ಲರಿಗೂ, ಆದ್ರ ನಮ್ಮೂರಾಗ ಬೆವರು ಒಂದು ಕೇರಿದು, ರೊಟ್ಟಿ ಇನ್ನೊಂದು ಓಣಿದು ಆಗಿತ್ತು, ಅದು ದೇವರ ಶಾಪ ಅಲ್ಲ ಮನಷ್ಯಾರದು ಅಂತ ತಿಳಿಲಿಕ್ಕೂ ಆ ಓದೇ ದಾರಿ ಆಯ್ತು.

ಮತ್ತ ಬೈಬಲಿನಾಗಿನ ಯೋಬನ ಕಥಿ. ಹೊಲ ದನ ಮಕ್ಕಳು ಎಲ್ಲ ಕಳಕೊಂಡು ಮೈತುಂಬ ಹುಣ್ಣಾಗಿ ಬೂದಿದಾಗ ಕುಂತಾನ, ದೋಸ್ತರು ಮೂವರು ಬಂದ್ರು, ಏಳು ದಿನ ಏಳು ರಾತ್ರಿ ಒಂದು ಮಾತಿಲ್ದೆ ಬಾಜೂಕ ಕುಂತ್ರು. ಅಷ್ಟಕ್ಕ ಎದ್ದು ಹೋಗಿದ್ರ ಛಲೋ ಇತ್ತು. ಬಾಯಿ ತೆಗೆದ್ರು, ನೀ ಏನೋ ಪಾಪ ಮಾಡಿರಬೇಕು, ಇಲ್ಲಂದ್ರ ಹಿಂಗಾಗಲ್ಲ ಅಂತ. ಕಡಿಕ ದೇವರಿಗೆ ಸಿಟ್ಟು ಬಂದದ್ದು ಹುಟ್ಟಿದ ದಿನಾನೇ ಶಪಿಸಿ ಕೂಗಾಡಿದ ಯೋಬನ ಮ್ಯಾಲಲ್ಲ, ಈ ದೋಸ್ತರ ಮ್ಯಾಲ, ನನ್ನ ಸೇವಕ ಯೋಬನಂಗ ನೀವು ಸರಿಯಾಗಿ ಮಾತಾಡಲಿಲ್ಲ ಅಂತ.

ದೊಡ್ಡವ್ವನ ಹಿರೇ ಮಗ ತೀರಿಕೊಂಡಾಗ ನೀ ಊರಾಗಿರಲಿಲ್ಲ. ಆವಾಗ ಒಬ್ಬ ಪ್ರಸಂಗಿ, ಹೊರಗಿನಿಂದ ಬಂದವ, ಮೈದಾನದಾಗ ಪೆಂಡಾಲ್ ಹಾಕಿ ಮೈಕ್ ಹಚ್ಚಿ ನಂಬಿದವರಿಗೆ ರೋಗ ಇಲ್ಲ ಸಾಲ ಇಲ್ಲ ಅಂತ ಹೇಳವ, ಮನಿಗೆ ಬಂದು ನಿಮ್ಮ ವಿಶ್ವಾಸ ಕಮ್ಮಿ ಆಗಿತ್ತು ಅವ್ವಾ, ಅದಕ್ಕ ಹುಡುಗ ಉಳಿಲಿಲ್ಲ ಅಂದ. ದೊಡ್ಡವ್ವ ನೀರು ಸೈತ ಕೊಡ್ಲಿಲ್ಲ, ಯಪ್ಪಾ ನೀ ಎದ್ದೇಳು ಅಂದ್ಳು. ನನಗ ಕೇಳಿದ್ರ ಅಂಥವರ ಆಶೀರ್ವಾದದ ಲಿಸ್ಟಿಗಿಂತ ಈ ಹಳೇ ಕಣಿವೆ ಮಾತೇ ಸಾವಿರಪಾಲು ಪ್ರಾಮಾಣಿಕ. ಯೇಸುನೇ ಹೇಳ್ಯಾನ, ಲೋಕದಾಗ ನಿಮಗ ಸಂಕಟ ಅದ ಅಂತ. ತನ್ನ ದೋಸ್ತ ಲಾಜರನ ಸಮಾಧಿ ಮುಂದ ಅವನೂ ಅತ್ತ, ಇನ್ನೊಂದು ಗಳಿಗಿಗೆ ಇವನ್ನ ಎಬ್ಬಿಸ್ತೀನಿ ಅಂತ ಗೊತ್ತಿದ್ದೂ ಅತ್ತ. ಪರಲೋಕ ಅದ ಅಲ್ಲಾ, ಯಾಕ ಅಳ್ತಿ ಅಂತ ಮಣ್ಣಿನಾಗ ಹೇಳವರಿಗೆ ಇದನ್ನ ಯಾರರ ಓದಿ ತೋರಿಸಬೇಕು.

ಆದ್ರೂ ಈ ಮಾತು ಹ್ಯಾಂಗ ಬಳಸ್ತಾರ ಅನ್ನೋದು ಬ್ಯಾರೆನೇ ಅದ, ಅಲ್ಲಿ ನಿನ್ನ ಸಿಟ್ಟು ಖರೇ. ಗಂಡ ಕುಡಿದು ಬಂದು ಹೊಡಿತಾನ ಅಂತ ಬಂದ ಹೆಣಮಗಳಿಗೆ ಸಹಿಸ್ಕೊ ತಾಯಿ, ಇದು ಕಣ್ಣೀರಿನ ಕಣಿವೆ, ಕಿರೀಟ ಅಲ್ಲಿ ಸಿಗ್ತದ ಅಂತ ಕಳಿಸಿದ್ದು ನಾ ಕಣ್ಣಿಲೆ ಕಂಡೀನಿ. ಮಾರ್ಕ್ಸ್ ಧರ್ಮ ಅಂದ್ರ ಅಫೀಮು ಅಂದಿದ್ದು ಎಲ್ಲರಿಗೂ ಗೊತ್ತು, 1844ರ ಆ ಬರಹದಾಗೇ ಈ ಕಣ್ಣೀರಿನ ಕಣಿವೆನೂ ಬರ್ತದ, ಧರ್ಮ ಅಂದ್ರ ಆ ಕಣಿವಿ ಸುತ್ತಿನ ಪ್ರಭೆ ಅಂತಾನ. ಅಂಥ ಪಾಸ್ಟರರನ್ನ ನೋಡಿದಾಗ ಅವಗ ಎದುರು ವಾದ ನನ್ನ ಬಲ್ಲಿ ಇರಂಗಿಲ್ಲ.

ದೊಡ್ಡವ್ವನ ಬಲ್ಲಿ ಇತ್ತೇನೋ. 2022ರಾಗ ನೆಟೆ ರೋಗ ಬಂದು ತೊಗರಿ ನಿಂತಲ್ಲೇ ಒಣಗಿತಲ್ಲ, ಹೊಲದ ದಂಡಿಗೆ ಕುಂತು ಆದಾಮ ಮಾಡಿದ್ದು ನಾವು ಉಣ್ಣಲತ್ತೀವಿ ಅಂತ ಅತ್ಲು. ಮರುದಿನ ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕು ಚೀಲದಾಗ ಹಾಕೊಂಡು ಪರಿಹಾರಕ್ಕ ಅರ್ಜಿ ಕೊಡ್ಲಿಕ್ಕೆ ಹುಮನಾಬಾದಕ್ಕ ಹೋದ್ಳು, ಓಣಿದಾಗಿನ ತನ್ನಂಗೇ ಓದು ಬರದ ಹೆಣ್ಮಕ್ಕಳದ್ದೆಲ್ಲ ಕಾಗದ ತಾನೇ ಜಮಾ ಮಾಡಿಕೊಂಡು. ಆದಾಮನ ಶಾಪ ಅದ ಅಂತ ಕುಂತ್ರ ಅರ್ಜಿ ಯಾರ್ ಕೊಡ್ತಾರ ಅಂದ್ಳು. ಯಾರ ಮಣ್ಣಿದ್ರೂ ಮೊದಲು ಹೋಗಿ ಕುಂದರಾಕಿ, ಜಾತಿ ನೋಡ್ಲಿಲ್ಲ, ನಿಮ್ಮಪ್ಪ ಲಿಂಗೈಕ್ಯ ಆದಾಗ ನಿಮ್ಮವ್ವನ ಬಾಜೂಕ ಹೊತ್ತು ಮುಳುಗೋತನ ಸುಮ್ನ ಕುಂತಿದ್ಳು. ಅಳವರ ಜೋಡಿ ಅಳ್ರಿ ಅಂತ ಬೈಬಲಿನಾಗ ಪೌಲ ಬರ್ದಾನ, ಆಕಿ ಅದನ್ನ ಓದಿ ಮಾಡಿದ್ದಲ್ಲ, ಓದ್ಲಿಕ್ಕೆ ಬರ್ತಿರಲಿಲ್ಲ ಆಕಿಗೆ. ಬಸ್ ಸ್ಟ್ಯಾಂಡಿನಾಗ ಕುಂತವರು ತಮ್ಮ ಬ್ಯಾಗ್ ಒಂದೇ ನೋಡ್ಕೊಂಡಿರ್ತಾರ ಶರಣು, ದೊಡ್ಡವ್ವ ಹಂಗಿದ್ಳೇನು ನೀನೇ ಹೇಳು.

ಇನ್ನ ನನ್ನದೊಂದು ಪ್ರಶ್ನೆ, ತಿರುಗಿ ನಿನಗ. ನಿಮ್ಮ ಮನ್ಯಾಗ ನಿಮ್ಮವ್ವ ಹೇಳ್ತಾಳಲ್ಲ, ಮರ್ತ್ಯಲೋಕ ಅಂದ್ರ ಕರ್ತಾರನ ಕಮ್ಮಟ (ನಾಣ್ಯ ಟಂಕಿಸೋ ಜಾಗ), ಇಲ್ಲಿ ಸಲ್ಲಿದವರು ಅಲ್ಲಿಯೂ ಸಲ್ತಾರ, ಇಲ್ಲಿ ಸಲ್ಲದವರು ಅಲ್ಲಿಯೂ ಸಲ್ಲಂಗಿಲ್ಲ ಅಂತ, ಬಸವಣ್ಣನವರದು. ನಾ ಭಾಳ ಸಲ ಕೇಳೀನಿ, ಈ ಲೋಕಕ್ಕ ಅಷ್ಟು ಕಿಮ್ಮತ್ತು ಕೊಟ್ಟಿದ್ದು ನನಗೂ ಸೇರ್ತದ, ಬಸವಕಲ್ಯಾಣದ ನೆಲ ನಂದೂ ಹೌದಲ್ಲ. ಆದ್ರ ಕಮ್ಮಟದಾಗ ಟಂಕಿಸುವಾಗ ಮುರುದು ಬಿದ್ದ ನಾಣ್ಯ ಇರ್ತದಲ್ಲ, ರೋಗದಾಗ ಬಿದ್ದವರು, ತಲಿ ಕೆಟ್ಟವರು, ದೊಡ್ಡವ್ವನ ಹಿರೇ ಮಗನಂಗ ಹರೇದಾಗೇ ಹೋದವರು, ಇಲ್ಲಿ ಸಲ್ಲಲಿಕ್ಕೆ ಟೈಮೇ ಸಿಗಲಿಲ್ಲ ಅವರಿಗೆ, ಅವರದು ಹ್ಯಾಂಗ? ಕಣಿವೆದಾಗ ಅಂಥವರಿಗೆ ಜಾಗ ಅದ, ಕಮ್ಮಟದಾಗ ಅದ ಏನು? ಜಗಳಕ್ಕ ಕೇಳಲತ್ತಿಲ್ಲ, ಖರೇನೇ ಕೇಳಲತ್ತೀನಿ. ನಿಮ್ಮವ್ವನ್ನ ಕೇಳಿ ಬರ್ದು ಕಳಿಸು, ವಾಯ್ಸ್ ಮೆಸೇಜ್ ಮಾತ್ರ ಬ್ಯಾಡ, ಮಾತಾಡಲಿಕ್ಕೆ ಹತ್ತಿದ್ರ ನೀ ನಡುವೇ ಕ್ರಿಕೆಟಿಗೆ ಹೋಗಿಬಿಡ್ತಿ.

ನಿನ್ನ ದೋಸ್ತ